ಹೈದರಾಬಾದಿನಲ್ಲಿ ಹಮ್ಮಿಂಗ್‌ಬರ್ಡ್ ಇಲ್ಲ

ಕಳೆದ ತಿಂಗಳು ನಮ್ಮ ಬಳಗದ ಕೂಟದಲ್ಲಿ ಗೆಳೆಯರೊಬ್ಬರು ಕವನವೊಂದನ್ನು ಓದಿದರು. ಕಾಚಿಗುಡದ ಹಳೆಯ ಮನೆಯ ಅಂಗಳ, ಒಂದು ದಾಸವಾಳದ ಗಿಡ, ಗತಿಸಿದ ತಾಯಿಯ ನೆನಪು, ಮತ್ತು ಆ ದಾಸವಾಳದ ಮುಂದೆ ಗಾಳಿಯಲ್ಲಿ ನಿಂತ ಒಂದು ಹಮ್ಮಿಂಗ್‌ಬರ್ಡ್. ಕವನ ಚೆನ್ನಾಗಿತ್ತು. ಚೆನ್ನಾಗಿರದಿದ್ದರೆ ನಾವು ಸುಮ್ಮನಿರುತ್ತಿದ್ದೆವು. ಚರ್ಚೆಯ ಸರದಿ ಬಂದಾಗ, "ಹಮ್ಮಿಂಗ್‌ಬರ್ಡ್ ನಮ್ಮ ದೇಶದಲ್ಲಿಲ್ಲ, ತಾವು ಕಂಡದ್ದು ಸೂರಕ್ಕಿ ಇರಬೇಕು" ಎಂದೆವು. "ತಾವು ಕವನ ಕೇಳಿದಿರೋ, ಹಕ್ಕಿ ಎಣಿಸಿದಿರೋ?" ಎಂಬ ಮರುಪ್ರಶ್ನೆ ಬಂತು. ಸಭೆ ನಕ್ಕಿತು, ನಾವೂ ನಕ್ಕೆವು. ಆದರೆ ಮೆಟ್ರೋ ಹತ್ತಿ ಮನೆಗೆ ಹೋಗುವಷ್ಟರಲ್ಲಿ ಆ ನಗು ನಮ್ಮಲ್ಲಿ ಉಳಿದಿರಲಿಲ್ಲ. ಅಂದು ಹೇಳಲಾಗದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇವೆ. ಇದು ಆ ಗೆಳೆಯರೊಬ್ಬರಿಗೆ ಮಾತ್ರ ಸಲ್ಲುವ ಉತ್ತರವಲ್ಲ. ಕಳೆದ ಕೆಲವು ವರ್ಷಗಳಿಂದ ನಮ್ಮ ಕಥೆ, ಕವನ, ಅಂಕಣ, ಅನುವಾದಗಳಲ್ಲಿ ಈ ವಿದೇಶಿ ಹಕ್ಕಿ ಎಷ್ಟು ಸಲೀಸಾಗಿ ಹಾರಾಡುತ್ತಿದೆಯೆಂದರೆ, ಇದನ್ನು ಒಬ್ಬರ ತಪ್ಪು ಎನ್ನುವುದೇ ಅನ್ಯಾಯವಾದೀತು.

ಮೊದಲು ತಪ್ಪೊಪ್ಪಿಗೆ. ನಾವೂ ಈ ತಪ್ಪು ಮಾಡಿದವರೇ. ಹನ್ನೆರಡು ವರ್ಷಗಳ ಹಿಂದೆ ವರ್ಗವಾಗಿ ಈ ನಗರಕ್ಕೆ ಬಂದ ಹೊಸತರಲ್ಲಿ, ನಮ್ಮ ವಸತಿಗೃಹದ ಬಾಲ್ಕನಿಯ ಮುಂದಿನ ಕೆಂಪು ಹೂಗಳ ಬೇಲಿಗೆ ಒಂದು ಪುಟ್ಟ ಹಕ್ಕಿ ಬರುತ್ತಿತ್ತು. ಬಿಸಿಲು ಬಿದ್ದರೆ ನೀಲಿ, ನೆರಳಾದರೆ ಕಪ್ಪು, ಬಾಗಿದ ಕೊಕ್ಕು, ಅರೆಗಳಿಗೆ ಹೂವಿನ ಮುಂದೆ ರೆಕ್ಕೆ ಬಡಿಯುತ್ತಾ ನಿಂತು ಮತ್ತೆ ಕೊಂಬೆ ಹಿಡಿಯುತ್ತಿತ್ತು. ಇಂಗ್ಲಿಷ್ ಎಂ.ಎ. ಓದಿದ ನಮ್ಮ ಬಾಯಿಗೆ ಒಂದೇ ಹೆಸರು ಬಂತು. ಕಚೇರಿಯ ಗೃಹಪತ್ರಿಕೆಗೆ 'ನಮ್ಮ ಅಂಗಳದ ಹಮ್ಮಿಂಗ್‌ಬರ್ಡ್' ಎಂಬ ಪ್ರಬಂಧವನ್ನೂ ಬರೆದುಕೊಟ್ಟೆವು. ಅದು ಅಚ್ಚಾಯಿತು, ಮೆಚ್ಚುಗೆಯೂ ದೊರೆಯಿತು. ಬೇಲಿ ಕತ್ತರಿಸಲು ಬಂದ ಮಾಲಿಗೆ ಹೆಮ್ಮೆಯಿಂದ ಆ ಹಕ್ಕಿಯನ್ನು ತೋರಿಸಿದಾಗ ಆತ ಕತ್ತರಿ ನಿಲ್ಲಿಸದೆಯೇ, "ತೇನೆಪಿಟ್ಟ ಸಾರ್" ಎಂದ. ಜೇನಹಕ್ಕಿ. ಅದನ್ನು ಗುರುತಿಸಲು ಆತನಿಗೆ ಪುಸ್ತಕ ಬೇಕಿರಲಿಲ್ಲ. ನಮಗೆ ಪುಸ್ತಕವಿತ್ತು, ಹಕ್ಕಿ ತಿಳಿದಿರಲಿಲ್ಲ.

ಈಗ ವಿಷಯಕ್ಕೆ ಬರೋಣ. ಹಮ್ಮಿಂಗ್‌ಬರ್ಡ್‌ಗಳು ಟ್ರೋಕಿಲಿಡೇ ಎಂಬ ಕುಟುಂಬದವು. ಸುಮಾರು 360 ಪ್ರಭೇದಗಳು. ಅಲಾಸ್ಕದಿಂದ ದಕ್ಷಿಣ ಅಮೆರಿಕದ ತುತ್ತತುದಿಯ ಟಿಯೆರಾ ಡೆಲ್ ಫ್ಯೂಗೊವರೆಗೆ ಅವುಗಳ ರಾಜ್ಯ. ಈಕ್ವೆಡಾರ್ ಎಂಬ ಪುಟ್ಟ ದೇಶವೊಂದರಲ್ಲೇ 130ಕ್ಕೂ ಹೆಚ್ಚು ಬಗೆಗಳಿವೆ. ಆದರೆ ಅಟ್ಲಾಂಟಿಕ್ ಸಾಗರದ ಈಚೆಗೆ, ಪೆಸಿಫಿಕ್ ಸಾಗರದ ಆಚೆಗೆ, ಆಫ್ರಿಕದಲ್ಲಿ, ಯುರೋಪಿನಲ್ಲಿ, ಏಷ್ಯದಲ್ಲಿ, ಆಸ್ಟ್ರೇಲಿಯದಲ್ಲಿ ಇಂದು ಕಾಡುಹಕ್ಕಿಯಾಗಿ ಒಂದೂ ಇಲ್ಲ. ನಮ್ಮಲ್ಲಿರುವ ಸೂರಕ್ಕಿಗಳು ನೆಕ್ಟರಿನಿಡೇ ಕುಟುಂಬದವು. 140ಕ್ಕೂ ಹೆಚ್ಚು ಪ್ರಭೇದಗಳು ಆಫ್ರಿಕದಿಂದ ಭಾರತದ ಮೂಲಕ ಆಸ್ಟ್ರೇಲಿಯದ ಅಂಚಿನವರೆಗೆ ಹರಡಿವೆ. ಇವು ಗುಬ್ಬಿ, ಕಾಗೆಗಳಿರುವ ದೊಡ್ಡ ಗಣಕ್ಕೆ ಸೇರಿದವು. ಹಮ್ಮಿಂಗ್‌ಬರ್ಡ್‌ಗೆ ಇವು ದೂರದ ನೆಂಟರೂ ಅಲ್ಲ.

ಹಾಗಾದರೆ ಹೋಲಿಕೆ ಎಲ್ಲಿಂದ ಬಂತು? ಕಸುಬು ಒಂದೇ ಆದುದರಿಂದ ಬಂತು. ಹೂವಿನ ಕೊಳವೆಯೊಳಗಿನ ಮಕರಂದ ಹೀರಿ ಬದುಕಬೇಕಾದರೆ ದೇಹ ಪುಟ್ಟದಾಗಿರಬೇಕು, ಕೊಕ್ಕು ಸಪೂರವಾಗಿ ಉದ್ದವಾಗಿರಬೇಕು, ನಾಲಿಗೆ ಇನ್ನೂ ಉದ್ದವಾಗಿರಬೇಕು. ಎರಡು ಖಂಡಗಳಲ್ಲಿ ಎರಡು ಬೇರೆ ವಂಶಗಳು ಒಂದೇ ಅಗತ್ಯಕ್ಕೆ ಸರಿಸುಮಾರು ಒಂದೇ ಉತ್ತರ ಕಂಡುಕೊಂಡವು. ಬೀದರಿನ ಕಮ್ಮಾರನೂ ಬರ್ಮಿಂಗ್‌ಹ್ಯಾಮಿನ ಕಮ್ಮಾರನೂ ಸುತ್ತಿಗೆ ಹಿಡಿದಿದ್ದಾರೆ ಎಂದಮಾತ್ರಕ್ಕೆ ಅವರು ಅಣ್ಣತಮ್ಮಂದಿರಾಗುವುದಿಲ್ಲ.

ಹಮ್ಮಿಂಗ್‌ಬರ್ಡ್‌ನ ನಿಜವಾದ ನೆಂಟ ಹೈದರಾಬಾದಿನಲ್ಲಿ ಇಲ್ಲದಿಲ್ಲ. ಗೋಲ್ಕೊಂಡದ ಕಮಾನುಗಳ ಮೇಲೆ ಸಂಜೆಯ ಹೊತ್ತು ಕಿರುಚುತ್ತಾ ಗಿರಕಿ ಹೊಡೆಯುವ, ಕುಡುಗೋಲಿನಾಕಾರದ ರೆಕ್ಕೆಯ ಕಪ್ಪು ಹಕ್ಕಿಗಳಿವೆಯಲ್ಲ, ಆ ಬಾನಾಡಿಗಳು. ಇಂಗ್ಲಿಷಿನವರು ಸ್ವಿಫ್ಟ್ ಎನ್ನುವ ಈ ಹಕ್ಕಿಗಳೂ ಹಮ್ಮಿಂಗ್‌ಬರ್ಡ್‌ಗಳೂ ಒಂದೇ ಗಣದವು. ಆ ಗಣದ ಗ್ರೀಕ್ ಮೂಲದ ಹೆಸರಿಗೆ 'ಕಾಲಿಲ್ಲದವು' ಎಂದರ್ಥ. ಇವಕ್ಕೆ ಕಾಲುಗಳಿವೆ, ಆದರೆ ಅವು ನಡೆಯಲು ಒದಗದಷ್ಟು ಕಿರಿದು. ನಮ್ಮ ಕವಿಗಳು ಹಮ್ಮಿಂಗ್‌ಬರ್ಡ್ ಬೇಕೇಬೇಕೆಂದು ಹಟ ಹಿಡಿದರೆ ದಾಸವಾಳವನ್ನು ಬಿಟ್ಟು ಗೋಲ್ಕೊಂಡದ ಆಕಾಶವನ್ನು ನೋಡಲಿ. ಅಲ್ಲಿ ಅದರ ದಾಯಾದಿ ಹಾರುತ್ತಿದೆ. ಅದರ ಮೇಲೆ ಕವನ ಬರೆದವರನ್ನು ನಾವಿನ್ನೂ ಕಂಡಿಲ್ಲ, ಏಕೆಂದರೆ ಅದಕ್ಕೆ ಬಣ್ಣವಿಲ್ಲ.

ಪ್ರತಿವಾದಿಗಳ ಕೈಗೆ ಒಂದು ಅಸ್ತ್ರವನ್ನು ನಾವೇ ಕೊಡುತ್ತೇವೆ. 2004ರಲ್ಲಿ ಜರ್ಮನಿಯ ವಿಜ್ಞಾನಿ ಗೆರಾಲ್ಡ್ ಮಾಯರ್, ದಕ್ಷಿಣ ಜರ್ಮನಿಯಲ್ಲಿ ಸಿಕ್ಕ ಮೂರು ಕೋಟಿ ವರ್ಷಗಳಿಗೂ ಹಳೆಯದಾದ ಹಮ್ಮಿಂಗ್‌ಬರ್ಡ್ ಪಳೆಯುಳಿಕೆಯನ್ನು ಲೋಕಕ್ಕೆ ಪರಿಚಯಿಸಿದರು. ಅಂದರೆ ಈ ಹಕ್ಕಿಗಳು ಒಂದು ಕಾಲಕ್ಕೆ ಅಟ್ಲಾಂಟಿಕ್‌ನ ಈಚೆಗೂ ಇದ್ದವು, ಆಮೇಲೆ ಅಳಿದವು. ಕಾಚಿಗುಡದ ಅಂಗಳದಲ್ಲಿ ಹಮ್ಮಿಂಗ್‌ಬರ್ಡ್ ಕಂಡೆನೆನ್ನುವವರು ಮೂರು ಕೋಟಿ ವರ್ಷಗಳ ಹಿಂದಿನ ಬಾಲ್ಯವನ್ನು ನೆನೆಯುತ್ತಿದ್ದರೆ ನಮ್ಮ ಆಕ್ಷೇಪವಿಲ್ಲ.

ಗುರುತಿಸುವುದು ಕಷ್ಟವೇ? ಅಲ್ಲ. ದುರ್ಬೀನು ಕೂಡ ಬೇಕಾಗಿಲ್ಲ. ಮೊದಲು ಹಕ್ಕಿಯ ಕಾಲನ್ನು ನೋಡಬೇಕು. ಸೂರಕ್ಕಿ ಹೆಚ್ಚಾಗಿ ಕುಳಿತೇ ಉಣ್ಣುತ್ತದೆ. ತೊಟ್ಟನ್ನೋ ಕಡ್ಡಿಯನ್ನೋ ಹಿಡಿದು, ಬಾಗಿ, ತಲೆಕೆಳಗಾಗಿ ಜೋತು ಮಕರಂದ ಹೀರುತ್ತದೆ. ಕೂರಲು ಆಸರೆಯಿಲ್ಲದಾಗ ಅರೆಗಳಿಗೆ ಗಾಳಿಯಲ್ಲಿ ನಿಲ್ಲುತ್ತದೆ, ಬೇಗ ದಣಿಯುತ್ತದೆ. ಹಮ್ಮಿಂಗ್‌ಬರ್ಡ್‌ಗೆ ಗಾಳಿಯೇ ಆಸನ. ಹಿಂದಕ್ಕೂ ಹಾರಬಲ್ಲದು, ಚಿಕ್ಕ ಪ್ರಭೇದಗಳಲ್ಲಿ ಸೆಕೆಂಡಿಗೆ ಎಂಬತ್ತರಷ್ಟು ರೆಕ್ಕೆಬಡಿತ. ಹೂಗಳೂ ಈ ವ್ಯತ್ಯಾಸವನ್ನು ಬಲ್ಲವು. ಅಮೆರಿಕದ ಹಮ್ಮಿಂಗ್‌ಬರ್ಡ್ ಹೂಗಳು ಸಾಮಾನ್ಯವಾಗಿ ಗಾಳಿಗೆ ಚಾಚಿಕೊಂಡು ತೂಗುತ್ತವೆ. ದಕ್ಷಿಣ ಆಫ್ರಿಕದ ಬೇಬಿಯಾನ ಎಂಬ ಗಿಡವಂತೂ ಸೂರಕ್ಕಿಗೆ ಕೂರಲೆಂದೇ ಹೂವಿಲ್ಲದ ಒಂದು ಕಡ್ಡಿಯನ್ನು ಬೆಳೆಸಿಟ್ಟಿದೆ. ಅತಿಥಿ ಯಾರೆಂದು ಗಿಡಕ್ಕೆ ತಿಳಿದಿದೆ. ಬರೆಯುವ ನಮಗೆ ತಿಳಿದಿಲ್ಲ.

ಇನ್ನು ಗೂಡು. ಹಮ್ಮಿಂಗ್‌ಬರ್ಡ್‌ನದು ಸಾಮಾನ್ಯವಾಗಿ ಕೊಂಬೆಯ ಮೇಲಿನ ತೆರೆದ ಬಟ್ಟಲು. ಸೂರಕ್ಕಿಯದು ತೂಗುವ ಚೀಲ. ಜೇಡರಬಲೆ, ನಾರು, ತೊಗಟೆಚೂರು, ಒಣಗಿದ ಕಸ ಸೇರಿಸಿ ಹೆಣ್ಣು ಹೆಣೆಯುವ ಈ ಚೀಲಕ್ಕೆ ಪಕ್ಕದಲ್ಲೊಂದು ಬಾಗಿಲು, ಬಾಗಿಲ ಮೇಲೊಂದು ಪುಟ್ಟ ಸೂರು. ಬಾಲ್ಕನಿಯ ಬಟ್ಟೆ ಒಣಗಿಸುವ ಹಗ್ಗಕ್ಕೆ, ಹಳೆಯ ಕೇಬಲ್ ತಂತಿಗೆ ಇದು ನೇತಾಡುವುದನ್ನು ಕಂಡು ಕಸವೆಂದು ಕಿತ್ತೆಸೆದವರಿದ್ದಾರೆ. ಹಮ್ಮಿಂಗ್‌ಬರ್ಡ್ ಎಂದು ಕೊಂಡಾಡುವ ಕೈಯೇ ಸೂರಕ್ಕಿಯ ಗೂಡನ್ನು ಪೊರಕೆಯಿಂದ ಗುಡಿಸುತ್ತದೆ. ಹೆಸರು ಗೊತ್ತಿಲ್ಲದಿದ್ದರೆ ಮನೆಯೂ ಗೊತ್ತಾಗುವುದಿಲ್ಲ.

ಈ ನಗರದಲ್ಲಿ ಸಾಮಾನ್ಯವಾಗಿ ಕಾಣುವ ಸೂರಕ್ಕಿಗಳು ಎರಡು. ಒಂದರ ಗಂಡು ಮರಿ ಮಾಡುವ ಕಾಲದಲ್ಲಿ ಪೂರ್ತಿ ಹೊಳೆಯುವ ನೀಲಿಗಪ್ಪು. ಆ ಕಾಲ ಮುಗಿದ ಮೇಲೆ ಈ ರಾಜವೇಷ ಕಳಚಿ ಹೆಣ್ಣಿನಂತೆ ಮಾಸಲು ಹಳದಿಯಾಗುತ್ತದೆ. ಗಂಟಲಿನಿಂದ ಹೊಟ್ಟೆಯವರೆಗೆ ಇಳಿದ ಒಂದು ಕಪ್ಪು ಗೆರೆ ಮಾತ್ರ ಗುಟ್ಟು ಬಿಟ್ಟುಕೊಡುತ್ತದೆ. ಇನ್ನೊಂದರ ಗಂಡಿಗೆ ಕಂದುಗೆಂಪು ಬೆನ್ನು, ಹಳದಿ ಹೊಟ್ಟೆ, ಎದೆಗೆ ಅಡ್ಡಪಟ್ಟಿ, ನೆತ್ತಿಯಲ್ಲಿ ಹಸಿರು ಮಿಂಚು, ಬಾಲದ ಬುಡದಲ್ಲಿ ನೇರಳೆ. ಇದು ವೇಷ ಬದಲಿಸುವುದಿಲ್ಲ. ಎರಡೂ ಸುಮಾರು ಹತ್ತು ಸೆಂಟಿಮೀಟರ್ ಉದ್ದ. ಕೆ.ಬಿ.ಆರ್. ಉದ್ಯಾನದ ನಡಿಗೆದಾರಿಯಲ್ಲಿ, ಉಸ್ಮಾನಿಯಾ ವಿಶ್ವವಿದ್ಯಾಲಯದ ಮರಗಳಲ್ಲಿ, ಅಷ್ಟೇಕೆ, ನಾವು ಕೂಟ ನಡೆಸುವ ಕಟ್ಟಡದ ಹಿಂದಿನ ದಾಸವಾಳದಲ್ಲಿ ಇವೆ. ಇನ್ನು ಸಂಜೆಗತ್ತಲಲ್ಲಿ ಕಾಲೂರದೆ ಗುಂಯ್‌ಗುಡುತ್ತಾ ಹೂವಿಂದ ಹೂವಿಗೆ ಸರಿಯುವ ಜೀವಿಯನ್ನು ಕಂಡು "ಇದಾದರೂ ಅದೇ ತಾನೇ?" ಎನ್ನುವವರಿಗೆ: ಅದು ಹಕ್ಕಿಯೇ ಅಲ್ಲ, ಹಾಕ್‌ಮಾತ್ ಜಾತಿಯ ಪತಂಗ. ತಲೆಯ ಮೇಲೆ ಮೀಸೆಯಿದ್ದರೆ, ಕೊಕ್ಕಿನ ಬದಲು ಸುರುಳಿ ಬಿಚ್ಚುವ ಸೊಂಡಿಲಿದ್ದರೆ, ಕವನವನ್ನು ಇನ್ನಷ್ಟು ತಿದ್ದಬೇಕಾಗುತ್ತದೆ.

ಇಷ್ಟಾದ ಮೇಲೂ ಗೆಳೆಯರು ಕೇಳಬಹುದು: ಇರಲಿ, ಕವಿಗೆ ಇದೆಲ್ಲ ಏಕೆ? ನಮ್ಮ ಕಾವ್ಯಪರಂಪರೆಯಲ್ಲೇ ಹಂಸ ನೀರನ್ನು ಬಿಟ್ಟು ಹಾಲನ್ನು ಕುಡಿಯುತ್ತದೆ, ಚಕೋರ ಬೆಳುದಿಂಗಳನ್ನು ಉಣ್ಣುತ್ತದೆ, ಚಾತಕ ಮಳೆಹನಿಗಾಗಿ ಬಾಯ್ದೆರೆದು ಕಾಯುತ್ತದೆ. ಅವುಗಳ ಮುಂದೆ ಒಂದು ಹಮ್ಮಿಂಗ್‌ಬರ್ಡ್ ಯಾವ ಮಹಾ ಸುಳ್ಳು?

ಪ್ರಶ್ನೆ ಗಟ್ಟಿಯಾದುದು. ಆದರೆ ಅದು ಕವಿಸಮಯ ಎಂಬ ಮಾತನ್ನು ಮರೆತ ಪ್ರಶ್ನೆ. ಸಮಯವೆಂದರೆ ಒಪ್ಪಂದ. ಚಕೋರ ಬೆಳುದಿಂಗಳು ಕುಡಿಯುವುದಿಲ್ಲವೆಂದು ಕವಿಗೂ ಗೊತ್ತು, ಓದುಗನಿಗೂ ಗೊತ್ತು. ಇಬ್ಬರೂ ತಿಳಿದೇ ಒಪ್ಪಿದ್ದಾರೆ. ಕಾಚಿಗುಡದ ಹಮ್ಮಿಂಗ್‌ಬರ್ಡ್‌ನ ವಿಷಯದಲ್ಲಿ ಅಂಥ ಒಪ್ಪಂದವೇನೂ ಆಗಿಲ್ಲ. ಅಲ್ಲಿ ಕವಿಗೂ ಗೊತ್ತಿಲ್ಲ, ಓದುಗನಿಗೂ ಗೊತ್ತಿಲ್ಲ. ಇದಕ್ಕೆ ಕವಿಸಮಯ ಎನ್ನುವುದಿಲ್ಲ, ಅಜ್ಞಾನ ಎನ್ನುತ್ತಾರೆ. ಮೇಲಾಗಿ ಚಾತಕವೆಂದು ನಾವು ಗುರುತಿಸುವ ಜುಟ್ಟಿನ ಕೋಗಿಲೆ ನಿಜವಾಗಿಯೂ ಮುಂಗಾರಿನ ಜೊತೆಗೆ ಬರುವ ಹಕ್ಕಿ. ಆ ಕಲ್ಪನೆಯ ಹಿಂದೆ ಆಕಾಶವನ್ನು ನೋಡಿದ ಕಣ್ಣೊಂದಿತ್ತು. ನಮ್ಮ ಹಮ್ಮಿಂಗ್‌ಬರ್ಡ್‌ನ ಹಿಂದೆ ಇರುವುದು ಮೊಬೈಲಿನ ಶುಭೋದಯದ ಚಿತ್ರ.

ಲಾಕ್ಷಣಿಕರೂ ಈ ಬಗ್ಗೆ ಯೋಚಿಸದೆ ಬಿಟ್ಟಿಲ್ಲ. ದಂಡಿ ತನ್ನ 'ಕಾವ್ಯಾದರ್ಶ'ದಲ್ಲಿ ಕಾವ್ಯದೋಷಗಳನ್ನು ಎಣಿಸುವಾಗ ದೇಶ, ಕಾಲ, ಕಲೆ, ಲೋಕ, ನ್ಯಾಯ, ಆಗಮಗಳಿಗೆ ವಿರುದ್ಧವಾದುದನ್ನೂ ಸೇರಿಸುತ್ತಾನೆ. ಆ ದೇಶದಲ್ಲಿಲ್ಲದ್ದನ್ನು ಆ ದೇಶದಲ್ಲಿದೆಯೆಂದು ವರ್ಣಿಸುವುದು ದೇಶವಿರೋಧ. ನಮ್ಮ 'ಕವಿರಾಜಮಾರ್ಗ' ದಂಡಿಯ ದಾರಿಯಲ್ಲೇ ನಡೆದ ಗ್ರಂಥ. ಅದು ಹುಟ್ಟಿದ ರಾಷ್ಟ್ರಕೂಟರ ಮಳಖೇಡ ಈ ನಗರದಿಂದ ಬೆಳಗಿನ ರೈಲು ಹತ್ತಿದರೆ ಮಧ್ಯಾಹ್ನದೊಳಗೆ ತಲುಪುವಷ್ಟು ಹತ್ತಿರ. ಹೌದು, ಕವಿಯ ಕೌಶಲದಿಂದ ಈ ವಿರೋಧಗಳು ಒಮ್ಮೊಮ್ಮೆ ದೋಷದ ಲೆಕ್ಕ ದಾಟಿ ಗುಣವಾಗುವುದುಂಟು ಎಂಬ ವಿನಾಯಿತಿಯನ್ನೂ ದಂಡಿಯೇ ಕೊಟ್ಟಿದ್ದಾನೆ. ಅದನ್ನು ನಾವು ಮುಚ್ಚಿಡುವುದಿಲ್ಲ. ಆದರೆ ಕೌಶಲಕ್ಕೆ ಕೊಟ್ಟ ವಿನಾಯಿತಿಯನ್ನು ಮೈಗಳ್ಳತನ ಬಳಸಿಕೊಳ್ಳಲಾಗದು. ಮುಲಕನಾಡಿನ ಮುದುಕಿಯೊಬ್ಬಳು ಕನಸಿನಲ್ಲಿ ಈಕ್ವೆಡಾರಿನ ಹಕ್ಕಿ ಕಂಡಳು ಎಂದು ಯಾರಾದರೂ ಬರೆದರೆ ನಾವು ಮೊದಲು ಚಪ್ಪಾಳೆ ತಟ್ಟುತ್ತೇವೆ.

ಇಂಗ್ಲಿಷ್ ಓದಿದ ನಮ್ಮಂಥವರಿಗೆ ಈ ರೋಗ ಎಲ್ಲಿಂದ ಅಂಟಿತೆಂಬುದೂ ಗೊತ್ತು. ನಾವು ತರಗತಿಯಲ್ಲಿ ಓದಿದ ಎಮಿಲಿ ಡಿಕಿನ್ಸನ್ ಹಮ್ಮಿಂಗ್‌ಬರ್ಡ್ ಕುರಿತು ಬರೆದಿದ್ದಾಳೆ. ಆದರೆ ಅವಳೇನು ಪರದೇಶದ ಹಕ್ಕಿಯನ್ನು ತರಿಸಿಕೊಂಡಳೇ? ಆಮ್ಹರ್ಸ್ಟ್ ಎಂಬ ಪುಟ್ಟ ಊರಿನಲ್ಲಿ ತನ್ನ ಮನೆಯ ತೋಟಕ್ಕೆ ಬರುತ್ತಿದ್ದ ಹಕ್ಕಿಯನ್ನು ನೋಡಿ ಬರೆದಳು. ಅವಳಿಂದ ಕಲಿಯಬೇಕಾದುದು ತೋಟವನ್ನು ನೋಡುವುದನ್ನು. ನಾವು ಕಲಿತದ್ದು ಅವಳ ಹಕ್ಕಿಯ ಹೆಸರನ್ನು. ಇದಕ್ಕೆ ವಿರುದ್ಧ ಉದಾಹರಣೆ ಲಂಡನ್ನಿನ ಜಾನ್ ಗೌಲ್ಡ್. 1849ರಿಂದ ಹಮ್ಮಿಂಗ್‌ಬರ್ಡ್‌ಗಳ ಮೇಲೆ ಬೃಹತ್ ಸಚಿತ್ರ ಗ್ರಂಥವನ್ನು ಕಂತುಕಂತಾಗಿ ಹೊರತಂದ, 1851ರಲ್ಲಿ ಹುಲ್ಲು ತುಂಬಿದ ಹಕ್ಕಿಗಳ ಪ್ರದರ್ಶನವಿಟ್ಟು ಜನರನ್ನು ಬೆರಗುಗೊಳಿಸಿದ ಆತ, ಜೀವಂತ ಹಮ್ಮಿಂಗ್‌ಬರ್ಡ್ ಒಂದನ್ನು ಮೊದಲು ಕಂಡದ್ದು 1857ರಲ್ಲಿ, ಅಮೆರಿಕಕ್ಕೆ ಹೋದಾಗ. ನಮ್ಮ ಬರಹಗಾರರು ಗೌಲ್ಡ್‌ನ ವಂಶದವರು. ಆತನಾದರೂ ಕೊನೆಗೆ ಹಡಗು ಹತ್ತಿದ.

"ಕನ್ನಡದಲ್ಲಿ ಹೆಸರೇ ಇಲ್ಲವಲ್ಲ" ಎಂಬುದು ಇನ್ನೊಂದು ನೆಪ. ಸೂರಕ್ಕಿ ಎಂಬುದಕ್ಕಿಂತ ಚೆಂದದ ಹೆಸರು ಬೇಕೇ? ಬಂದಳಿಕೆಯ ಹಣ್ಣು ತಿಂದು ಅದರ ಬೀಜವನ್ನು ಮರದಿಂದ ಮರಕ್ಕೆ ಅಂಟಿಸುವ, ಸೂರಕ್ಕಿಗಿಂತಲೂ ಕಿರಿದಾದ ಹಕ್ಕಿಗೆ ಬದನಿಕೆ ಎಂದು ಆ ಗಿಡದ ಹೆಸರನ್ನೇ ಇಟ್ಟ ಭಾಷೆ ನಮ್ಮದು. ಈ ಊರಿನ ತೆಲುಗಿನಲ್ಲಿ ತೇನೆಪಿಟ್ಟ ಇದೆ, ಉರ್ದುವಿನಲ್ಲಿ ಶಕ್ಕರ್‌ಖೋರಾ ಇದೆ, ಅಂದರೆ ಸಕ್ಕರೆ ತಿನ್ನುವವನು. ಹತ್ತೊಂಬತ್ತನೆಯ ಶತಮಾನದಲ್ಲಿ ಭಾರತದ ಹಕ್ಕಿಗಳ ಮೇಲೆ ಬರೆದ ಜರ್ಡನ್ ಎಂಬ ಆಂಗ್ಲ ವೈದ್ಯ ಕೂಡ ಇವನ್ನು ಹಮ್ಮಿಂಗ್‌ಬರ್ಡ್ ಎನ್ನದೆ ಜೇನುಹೀರುಕ ಎಂಬರ್ಥದ ಹೆಸರಿನಿಂದ ಕರೆದ. ಆಳಲು ಬಂದವನಿಗಿದ್ದ ವಿವೇಕ ಆಳಿಸಿಕೊಂಡವರ ಮಕ್ಕಳಾದ ನಮಗೆ ಬೇಡವೇ?

ಕೆಲಸ ಆಗಿಲ್ಲವೆಂದೂ ಹೇಳುವಂತಿಲ್ಲ. 1931-32ರಲ್ಲಿ ಸಲೀಂ ಅಲಿ ನಿಜಾಮರ ಹೈದರಾಬಾದ್ ರಾಜ್ಯದ ಹಕ್ಕಿಗಳ ಸಮೀಕ್ಷೆ ನಡೆಸಿದರು. ಅಂದಿನ ಆ ರಾಜ್ಯದಲ್ಲಿ ಇಂದಿನ ನಮ್ಮ ಬೀದರ್, ಕಲಬುರಗಿ, ರಾಯಚೂರು ಸೇರಿದ್ದವು. ಆಮೇಲೆ ಮೂಡಿಗೆರೆಯಲ್ಲಿ ಕುಳಿತು ಪೂರ್ಣಚಂದ್ರ ತೇಜಸ್ವಿಯವರು 'ಕನ್ನಡ ನಾಡಿನ ಹಕ್ಕಿಗಳು' ಎಂದು ಕನ್ನಡದಲ್ಲೇ ಪುಸ್ತಕ ಮಾಡಿಕೊಟ್ಟರು. ನಮ್ಮ ಬಳಗದಲ್ಲಿ ತೇಜಸ್ವಿಯವರ ಕಥೆಗಳನ್ನು ಓದದವರಿಲ್ಲ. ಅವರ ಹಕ್ಕಿ ಪುಸ್ತಕವನ್ನು ತೆರೆದವರೆಷ್ಟು?

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತು. ಹೆಸರು ತಪ್ಪಿದರೆ ನಷ್ಟವೇನು?

ನಾವು ಕೇಂದ್ರ ಸರ್ಕಾರದ ಗುಮಾಸ್ತಿಕೆಯಲ್ಲಿ ಎರಡು ದಶಕ ಕಳೆದವರು. ವೃತ್ತಿಯ ಆರಂಭದಲ್ಲಿ, ಬೇರೊಂದು ಊರಿನ ಕಚೇರಿಯಲ್ಲಿದ್ದಾಗ, ಸಹೋದ್ಯೋಗಿಯೊಬ್ಬರು ಸೇವೆಯಲ್ಲಿರುವಾಗಲೇ ತೀರಿಕೊಂಡರು. ಸೇವಾಪುಸ್ತಕದಲ್ಲಿ ಪತ್ನಿಯ ಹೆಸರು ಒಂದು ರೀತಿ, ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಇನ್ನೊಂದು ರೀತಿ. ಎರಡಕ್ಷರದ ವ್ಯತ್ಯಾಸ. ಕುಟುಂಬ ಪಿಂಚಣಿ ಹನ್ನೊಂದು ತಿಂಗಳು ನಿಂತಿತು. ಆ ಕಡತ ಕೆಲವು ವಾರ ನಮ್ಮ ಮೇಜಿನ ಮೇಲೂ ಇತ್ತು. ಆಕೆ ಮಗನನ್ನು ಕರೆದುಕೊಂಡು ಬಂದು ಹೊರಗಿನ ಬೆಂಚಿನ ಮೇಲೆ ಕೂರುತ್ತಿದ್ದರು. ಒಂದು ದಿನ ಎದ್ದು ಬಂದು, "ಸಾರ್, ಆ ಕಾಗದದಲ್ಲಿರುವವಳೂ ನಾನೇ, ಇಲ್ಲಿ ನಿಂತಿರುವವಳೂ ನಾನೇ" ಎಂದರು. ನಮಗೆ ಅದು ತಿಳಿದಿತ್ತು. ಆದರೆ ಕಡತಕ್ಕೆ ತಿಳಿದಿರಲಿಲ್ಲ. ಕಾಗದದ ಮೇಲೆ ತಪ್ಪು ಹೆಸರು ಹೊತ್ತ ಜೀವ ಎದುರಿಗೆ ನಿಂತಿದ್ದರೂ ಇಲ್ಲದ ಜೀವವೇ. ಅಂದಿನಿಂದ ಹೆಸರಿನ ವಿಷಯದಲ್ಲಿ 'ಏನಾದರೇನು' ಎಂಬ ಮಾತು ನಮ್ಮ ಬಾಯಲ್ಲಿ ಬರುವುದಿಲ್ಲ.

ಹಕ್ಕಿಗಳಿಗೂ ಕಡತವಿದೆ. 2025ರ ಮಾರ್ಚ್ ಕೊನೆಯಲ್ಲಿ ನಮ್ಮ ನಗರದ ಕಂಚ ಗಚ್ಚಿಬೌಲಿಯಲ್ಲಿ, ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ ತಾಗಿದ 400 ಎಕರೆ ಜಾಗದಲ್ಲಿ ಯಂತ್ರಗಳು ಮರ ಉರುಳಿಸಿದ್ದು, ಏಪ್ರಿಲ್ 3ರಂದು ಸುಪ್ರೀಂ ಕೋರ್ಟ್ ಅದಕ್ಕೆ ತಡೆ ನೀಡಿದ್ದು ಎಲ್ಲರಿಗೂ ನೆನಪಿದೆ. ಆ ವ್ಯಾಜ್ಯದ ಬಗ್ಗೆ ಅಭಿಪ್ರಾಯ ಹೇಳಲು ನಮ್ಮ ನಡತೆ ನಿಯಮಗಳು ಬಿಡುವುದಿಲ್ಲ, ಹೇಳುವುದೂ ಇಲ್ಲ. ಆದರೆ ಒಂದು ಸಂಗತಿಯನ್ನು ಯಾರಾದರೂ ಗಮನಿಸಬಹುದಿತ್ತು. ಆ ದಿನಗಳಲ್ಲಿ ಎರಡು ಬಗೆಯ ಸಾಕ್ಷ್ಯಗಳು ಊರಲ್ಲಿ ಓಡಾಡಿದವು. ಒಂದು, ವಿದ್ಯಾರ್ಥಿಗಳೂ ಹವ್ಯಾಸಿಗಳೂ ವರ್ಷಗಟ್ಟಲೆ ಅಲ್ಲಿ ತಿರುಗಿ ಮಾಡಿದ್ದ ಪಟ್ಟಿ. ಇನ್ನೂರಕ್ಕೂ ಹೆಚ್ಚು ಹಕ್ಕಿಗಳು, ಒಂದೊಂದೂ ಹೆಸರಿನೊಂದಿಗೆ. ಇನ್ನೊಂದು, ಕೃತಕ ಬುದ್ಧಿಮತ್ತೆ ಬಿಡಿಸಿಕೊಟ್ಟ ನವಿಲು, ಜಿಂಕೆಗಳು ಯಂತ್ರದ ಮುಂದೆ ಓಡುವ ಚಿತ್ರಗಳು. ಕಣ್ಣೀರು ಹೆಚ್ಚು ತರಿಸಿದ್ದು ಎರಡನೆಯದು. ಆದರೆ ಚಿತ್ರಗಳು ಕೃತಕವೆಂದು ಸರ್ಕಾರ ತೋರಿಸಿಕೊಟ್ಟಾಗ, ನಿಜವಾದ ಹಕ್ಕಿಗಳ ಪರವಾದ ಮಾತಿಗೂ ಸಂಶಯದ ನೆರಳು ಬಿತ್ತು. ಇಲ್ಲದ ನವಿಲು ಇದ್ದ ನವಿಲಿನ ಬಾಯಿ ಮುಚ್ಚಿಸಿತು. ಭಾವ ನಿಜವಾದರೆ ಸಾಕು, ವಿವರ ಹೇಗಿದ್ದರೇನು ಎನ್ನುವವರು ಇದನ್ನು ಯೋಚಿಸಬೇಕು. ಪಟ್ಟಿಗೆ ಹೆಸರು ಬೇಕು. ಹಮ್ಮಿಂಗ್‌ಬರ್ಡ್ ಎಂದು ಬರೆದ ಪಟ್ಟಿಯನ್ನು ಯಾವ ನ್ಯಾಯಾಲಯವೂ ಓದುವುದಿಲ್ಲ. ಎದುರುವಕೀಲನಿಗೆ ಅದೊಂದೇ ಸಾಲು ಸಾಕು.

ನಮ್ಮ ಬಾಲ್ಕನಿಯ ಮುಂದಿನ ಕೆಂಪು ಹೂವಿನ ಬೇಲಿಯ ಹೆಸರನ್ನೂ ಆಮೇಲೆ ತಿಳಿದುಕೊಂಡೆವು. ಹ್ಯಾಮೆಲಿಯ. ಅಮೆರಿಕದ ಉಷ್ಣವಲಯದ ಗಿಡ. ಅದರ ತವರಿನಲ್ಲಿ ಹಮ್ಮಿಂಗ್‌ಬರ್ಡ್‌ಗಳು ಬರುವ ಹೂವದು. ತವರಿನ ಹಕ್ಕಿ ಇಲ್ಲಿಗೆ ಬರಲಾರದು. ಆದರೆ ಇಲ್ಲಿನ ಸೂರಕ್ಕಿ, ತನಗೆಂದು ಅರಳದ ಆ ಹೂವನ್ನು ಹೇಗೋ ಹಿಡಿದು, ಕೂರಲು ಜಾಗ ಹುಡುಕಿ, ಕೆಲವೊಮ್ಮೆ ಕೊಳವೆಯ ಬುಡಕ್ಕೇ ತೂತು ಕೊರೆದು ಜೇನು ಕುಡಿಯುತ್ತದೆ. ಬೇರೆ ಊರಿನಿಂದ ಬಂದು ಹೈದರಾಬಾದಿನಲ್ಲಿ ಕನ್ನಡ ಓದುತ್ತಾ ಬರೆಯುತ್ತಾ ಉಳಿದಿರುವ ನಮ್ಮಂಥವರಿಗೆ ಈ ದೃಶ್ಯಕ್ಕಿಂತ ಹತ್ತಿರದ್ದು ಬೇರೆ ಯಾವುದಿದೆ? ಇದು ಹಮ್ಮಿಂಗ್‌ಬರ್ಡ್ ಎಂದುಕೊಂಡವರ ಕಣ್ಣಿಗೆ ಬೀಳಲಾರದು. ಹಮ್ಮಿಂಗ್‌ಬರ್ಡ್ ಆ ಹೂವಿನ ಮುಂದೆ ನಿಂತಿದ್ದರೆ ಅದರಲ್ಲಿ ಹೇಳುವಂಥದ್ದೇನೂ ಇರುತ್ತಿರಲಿಲ್ಲ.

ಕೊನೆಗೆ ಗೆಳೆಯರ ಕವನಕ್ಕೇ ಮರಳುತ್ತೇವೆ. ಆ ಕವನದಲ್ಲಿ ತಾಯಿಯಿದ್ದಾರೆ. ರಾಯಚೂರಿನ ಕಡೆಯವರು, ಮದುವೆಯಾಗಿ ಈ ಊರಿಗೆ ಬಂದವರು, ದಾಸವಾಳವನ್ನು ನೆಟ್ಟವರು. ಬೆಳಿಗ್ಗೆ ದೇವರಿಗೆ ಹೂ ಕೊಯ್ಯಲು ಆ ಗಿಡದ ಬಳಿಗೆ ಅವರು ಹೋದಾಗಲೆಲ್ಲ ಆ ಹಕ್ಕಿ ಅಲ್ಲಿರುತ್ತಿತ್ತು. ಅವರು ಅದನ್ನು ಏನೆಂದು ಕರೆಯುತ್ತಿದ್ದರು? ಸೂರಕ್ಕಿಯೋ, ತೇನೆಪಿಟ್ಟವೋ, ಪಕ್ಕದ ಮನೆಯವರಿಂದ ಕಲಿತ ಶಕ್ಕರ್‌ಖೋರಾವೋ, ಅಥವಾ ತಾವೇ ಇಟ್ಟ ಒಂದು ಮುದ್ದಿನ ಹೆಸರೋ ನಮಗೆ ತಿಳಿಯದು. ಹಮ್ಮಿಂಗ್‌ಬರ್ಡ್ ಎಂದಂತೂ ಕರೆದಿರಲಾರರು. ತಾಯಿಯನ್ನು ನೆನೆಯಲು ಬರೆದ ಕವನದಲ್ಲಿ ತಾಯಿಯ ಬಾಯಲ್ಲಿದ್ದ ಒಂದು ಮಾತು ಅಳಿದುಹೋಗಿ, ಅದರ ಜಾಗದಲ್ಲಿ ಅವರು ಎಂದೂ ಕೇಳದ ಮಾತೊಂದು ಕುಳಿತಿದೆ. ನಮ್ಮ ಆಕ್ಷೇಪ ಇದಿಷ್ಟೇ. ನಾವು ಹಕ್ಕಿ ಎಣಿಸಲಿಲ್ಲ, ಕವನವನ್ನೇ ಕೇಳಿದೆವು.

ಮುಂದಿನ ಕೂಟ ಎರಡನೆಯ ಭಾನುವಾರ ಹತ್ತು ಗಂಟೆಗೆ. ನಾವು ಏಳಕ್ಕೇ ಬಂದು ಕಟ್ಟಡದ ಹಿಂದಿನ ದಾಸವಾಳದ ಬಳಿ ಇರುತ್ತೇವೆ. ಗೆಳೆಯರೂ ಬರಲಿ. ಜಗಳ ಅಲ್ಲೇ ಮುಂದುವರಿಯಲಿ, ಹಕ್ಕಿಯ ಎದುರಿಗೆ.